ಅಕ್ಕನ ಬಾಗಿಲ ಮುಂದಿನ ತಿರುವು

ಸೆಗಣಿ ನೀರಿನ ವಾಸನೆ ಅಂದರೆ ಈಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಮಾಲೂರಿನ ನಮ್ಮ ಹೊಸ ಬಡಾವಣೆಯಲ್ಲಿ ಹಸು ಕಟ್ಟಿದವರು ಯಾರೂ ಇಲ್ಲ, ಎಲ್ಲರ ಬಾಗಿಲ ಮುಂದೆಯೂ ಟೈಲ್ಸ್. ಆದರೆ ಮೂಲೆಮನೆಗೆ ಲಕ್ಕೂರಿನ ಕಡೆಯಿಂದ ಒಂದು ಸಂಸಾರ ಬಂದಿದೆ. ಆ ಮನೆಯಾಕೆ ಹಬ್ಬದ ದಿನ ಎಲ್ಲಿಂದಲೋ ಸೆಗಣಿ ತರಿಸಿ, ಬಕೆಟ್ಟಿನಲ್ಲಿ ಕದಡಿ, ಗೇಟಿನ ಮುಂದೆ ಚೆಲ್ಲುತ್ತಾಳೆ. ಮೊನ್ನೆ ಬೆಳಿಗ್ಗೆ ಹಾಲಿಗೆ ಹೊರಟಿದ್ದೆ, ಆ ವಾಸನೆ ಮೂಗಿಗೆ ಬಡಿಯಿತು, ಕಾಲು ತಾನಾಗಿ ನಿಂತಿತು. ಎದುರುಮನೆ ಅಣ್ಣ ನೆನಪಾದ...

ಕೋಲಾರದಲ್ಲಿ ನಮ್ಮ ಬೀದಿ ಇದ್ದದ್ದು ಬೆಟ್ಟದ ಬುಡದಲ್ಲಿ. ನೆಲಕ್ಕೆಲ್ಲ ಕಲ್ಲು ಚಪ್ಪಡಿ ಹಾಸಿತ್ತು. ಎದುರುಮನೆಯಲ್ಲಿ ಇದ್ದವರು ಇಬ್ಬರೇ, ಅಣ್ಣ ಮತ್ತು ಅವನ ಅಕ್ಕ. ತಂದೆ ತಾಯಿ ಬೇಗ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಹಿತ್ತಲಿನ ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಅಣ್ಣ ಮಾತ್ರ ನಮ್ಮ ಸೀಮೆಯಲ್ಲಿ ಯಾರೂ ಮಾಡದ ಒಂದು ಕೆಲಸ ಮಾಡುತ್ತಿದ್ದ. ಬೆಟ್ಟದ ತುದಿಯಿಂದ ಬಂಡೆಗಳ ನಡುವೆ ಸೈಕಲ್ಲಿನಲ್ಲಿ ಕೆಳಕ್ಕೆ ಹಾರಿಕೊಂಡು ಬರುವ ರೇಸು. ಊಟಿ, ಮನಾಲಿ ಅಂತ ಎಲ್ಲೆಲ್ಲೋ ಹೋಗಿ ಗೆದ್ದು ಬರುತ್ತಿದ್ದ. ಹತ್ತುವುದಕ್ಕೆ ಬಹುಮಾನ ಕೊಟ್ಟರೆ ಸರಿ, ಇಳಿಯುವುದಕ್ಕೂ ಕೊಡುತ್ತಾರಾ ಎಂದು ನಮ್ಮಪ್ಪ ಅವನನ್ನು ರೇಗಿಸುತ್ತಿದ್ದರು. ಅವನು ನಗುತ್ತಿದ್ದ. ನಕ್ಕರೆ ಮುರಿದ ಮುಂದಿನ ಹಲ್ಲು ಕಾಣುತ್ತಿತ್ತು, ಅದೂ ಒಂದು ಬೆಟ್ಟದ ಕೃಪೆ.

ಆಮೇಲೆ ಒಂದು ಸಲ ಹೊರರಾಜ್ಯದಲ್ಲಿ ಬಿದ್ದು ಸೊಂಟ ಮುರಿದುಕೊಂಡ. ಅಕ್ಕ ಊರು ಗೊತ್ತಿಲ್ಲದ, ಭಾಷೆ ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು ಬಂದಳು. ಮನೆಗೆ ಬಂದ ದಿನ ಅವಳು ಹೇಳಿದ್ದು ಇಷ್ಟೇ, "ವದ್ದು ರಾ. ಇನ್ನು ಸಾಕು." ಬೇಡ ಅಂದರೆ ಬೇಡ. ಅವನು ಸೈಕಲ್ಲನ್ನು ಗೋಣಿಯಲ್ಲಿ ಸುತ್ತಿ ಹುಳುಮನೆಯ ತೊಲೆಗೆ ನೇತುಹಾಕಿದ. ಎಣ್ಣೆಯ ವಾಸನೆ ಹುಳುವಿಗೆ ಆಗದು ಎಂದು ಅದಕ್ಕೆ ಎಣ್ಣೆ ಕೂಡ ಬಿಡಲಿಲ್ಲ. ಸುಗಟೂರಿನ ಕಡೆಯಿಂದ ಹಾಲಿನ ವ್ಯಾನು ಓಡಿಸುವ ಕೆಲಸ ಹಿಡಿದ. ನಾವೆಲ್ಲ ಅವನ ರೇಸಿನ ಮಾತು ಮರೆತೆವು. ಅವನೂ ಮರೆತನೆಂದೇ ತಿಳಿದಿದ್ದೆವು.

ವರ್ಷಗಳು ಹೋದವು. ಅವನ ಕಿವಿಯ ಪಕ್ಕ ಕೂದಲು ನೆರೆತ ಮೇಲೆ, ಬೆಂಗಳೂರಿನ ಒಂದು ಸೈಕಲ್ ಕ್ಲಬ್ಬಿನವರು ನಮ್ಮ ಬೆಟ್ಟದ ಮೇಲೆಯೇ ರೇಸು ಇಟ್ಟರು. ದಾರಿ ಬಂಡೆಗಳನ್ನು ಇಳಿದು ನಮ್ಮ ಬೀದಿಗೆ ಬಂದು, ಅಕ್ಕನ ಬಾಗಿಲ ಮುಂದೆ ತಿರುಗಿ, ಅರಳಿಕಟ್ಟೆಯ ಹತ್ತಿರ ಮುಗಿಯುತ್ತಿತ್ತು. ನಲವತ್ತು ದಾಟಿದವರಿಗೂ ಬೇರೆ ಒಂದು ಓಟ ಇತ್ತು. ಅಣ್ಣನ ಊಟ ನಿದ್ದೆ ಕೆಟ್ಟಿತು. ಪ್ರಪಂಚದ ಬೆಟ್ಟವೆಲ್ಲ ಇಳಿದವನು ತನ್ನ ಮನೆ ಮುಂದಿನ ಬೆಟ್ಟವನ್ನು ಒಂದು ರೇಸಿನಲ್ಲೂ ಇಳಿದಿರಲಿಲ್ಲ. ಒಂದೇ ಒಂದು ಸಲ ಇಳಿಯಬೇಕು, ಅದೂ ಅಕ್ಕ ಹೂಂ ಅಂದರೆ ಮಾತ್ರ. ಕದ್ದು ಹೋಗುವ ಜಾಯಮಾನ ಅವನದಲ್ಲ.

ಅವನು ಕೇಳಿದಾಗಿನಿಂದ ಅಕ್ಕ ಮಾತು ಬಿಟ್ಟಳು. ಮುದ್ದೆ ತಟ್ಟೆಗೆ ಹಾಕುವಾಗಲೂ ಮುಖ ನೋಡುತ್ತಿರಲಿಲ್ಲ. ಆಮೇಲೆ ಏನನ್ನಿಸಿತೋ, ಒಂದು ಬೆಳಿಗ್ಗೆ ಹುಳುಮನೆಯಿಂದ ಸೈಕಲ್ಲನ್ನು ತಾನೇ ಇಳಿಸಿ ತಂದು ಜಗಲಿಗೆ ಒರಗಿಸಿದಳು. ಗೋಣಿ ಬಿಚ್ಚಿ, ಸೆರಗಿನಿಂದ ಧೂಳು ಒರೆಸಿದಳು. ನಾನು ನಮ್ಮ ಬಾಗಿಲಲ್ಲೇ ಇದ್ದೆ.

"ಹೋಗು. ಒಂದೇ ಸಲ. ಆದ್ರೆ ನನ್ನ ಬಾಗ್ಲು ಮುಂದೆ ಹೋಗೋವಾಗ ನಾನು ನೋಡ್ಬೇಕು," ಎಂದಳು.

ಅಣ್ಣ ಒಳಗೆ ಹೋಗಿ ಎಣ್ಣೆಯ ಡಬ್ಬಿ ತಂದು ಚೈನಿಗೆ ಬಿಟ್ಟ.

ಸಂಜೆ ವ್ಯಾನು ಬಿಟ್ಟು ಬಂದ ಮೇಲೆ ಅವನು ರೇಸಿನ ದಾರಿಯಲ್ಲಿ ಬರಿಗಾಲಿನಲ್ಲಿ ನಡೆಯುತ್ತಿದ್ದ. ಅದು ಅವನ ಹಳೆಯ ಪದ್ಧತಿ. ಯಾವ ಕಲ್ಲು ಅಲುಗುತ್ತದೆ, ಯಾವುದು ನಂಬಬಹುದು ಎನ್ನುವುದು ಅಂಗಾಲಿಗೇ ಗೊತ್ತಾಗಬೇಕು ಎನ್ನುತ್ತಿದ್ದ. ರೇಸಿನ ಹಿಂದಿನ ಸಂಜೆ ಅಕ್ಕನ ಬಾಗಿಲ ಮುಂದಿನ ತಿರುವಿನಲ್ಲಿ ನಿಂತು, ಚಪ್ಪಡಿಯನ್ನು ಪಾದದಿಂದ ಉಜ್ಜಿ ನೋಡಿದ. ನಾನು ಪಕ್ಕದಲ್ಲಿದ್ದೆ.

"ಇಲ್ಲಿ ಎಲ್ರೂ ಬ್ರೇಕ್ ಹಿಡೀತಾರೆ ಕಣೇ, ನಾನು ಹಿಡಿಯಲ್ಲ. ಒಣಗಿದ ಚಪ್ಪಡಿ ಕೈ ಬಿಡಲ್ಲ."

ಮಾರನೆಯ ದಿನ ಮೊದಲು ಹುಡುಗರ ಓಟ. ಅವರೆಲ್ಲ ಆ ತಿರುವಿನಲ್ಲಿ ಬ್ರೇಕು ಹಿಡಿದು, ಕಾಲೂರಿ, ಹೇಗೋ ದಾಟಿಕೊಂಡರು. ಹಿರಿಯರ ಓಟಕ್ಕೆ ಮುಂಚೆ ಸ್ವಲ್ಪ ಬಿಡುವು ಕೊಟ್ಟರು. ಹಿರಿಯರಲ್ಲಿ ಮೊದಲು ಇಳಿಯುವವನು ನಮ್ಮ ಅಣ್ಣನೇ. ನಾನು ಅವನು ಹಾರುವುದನ್ನು ನೋಡಬೇಕೆಂದು ಬೀದಿಯ ಮೇಲಿನ ಬಂಡೆ ಹತ್ತಿ ನಿಂತಿದ್ದೆ. ಅಲ್ಲಿಂದ ಬೆಟ್ಟವೂ ಕಾಣುತ್ತಿತ್ತು, ಬೀದಿಯೂ ಕಾಣುತ್ತಿತ್ತು.

ಆ ಬಿಡುವಿನಲ್ಲಿ ಅಕ್ಕ ಬಕೆಟ್ಟು ಹಿಡಿದು ಹೊರಗೆ ಬಂದಳು.

ನಮ್ಮಲ್ಲಿ ಮನೆಗೆ ಬೇಕಾದವರು ಬರುತ್ತಾರೆ ಅಂದರೆ ಬಾಗಿಲು ಬರಿದಾಗಿ ಬಿಡುವ ಮಾತಿಲ್ಲ. ಮದುಮಗ ಬಂದರೂ ಅಷ್ಟೇ, ಬಾಣಂತಿ ಬಂದರೂ ಅಷ್ಟೇ. ಅಕ್ಕ ಹೊಸ ಸೀರೆ ಉಟ್ಟಿದ್ದಳು. ಸೆಗಣಿ ನೀರನ್ನು ಕೈತುಂಬ ತೆಗೆದು ತಿರುವಿನ ಚಪ್ಪಡಿಯ ಮೇಲೆಲ್ಲ ಚೆಲ್ಲಿ, ಪೊರಕೆಯಿಂದ ಸಾರಿಸಿದಳು. ಟೀ ಷರ್ಟಿನ ಕ್ಲಬ್ಬಿನ ಹುಡುಗರು ಪೂಜೆಯೇನೋ ಎಂದುಕೊಂಡು ಮರ್ಯಾದೆಯಿಂದ ಪಕ್ಕಕ್ಕೆ ಸರಿದರು. ಅವಳು ಬಗ್ಗಿ ರಂಗೋಲಿ ಎಳೆಯತೊಡಗಿದಳು. ಹುಟ್ಟಿದಾಗಿನಿಂದ ಅದೇ ಹಸಿ ನೆಲದ ಮೇಲೆ ಬರಿಗಾಲಿನಲ್ಲಿ ಓಡಾಡಿದವಳು, ಒಂದು ದಿನವೂ ಜಾರಿದವಳಲ್ಲ. ನನಗೂ ಮೊದಲು ಖುಷಿಯೇ ಆಯಿತು. ಅವಳು ಮನಸ್ಸಿನಿಂದಲೇ ಒಪ್ಪಿದ್ದಾಳೆ ಎಂದುಕೊಂಡೆ. ಆಮೇಲೆ ಆ ಚಪ್ಪಡಿ ಬಿಸಿಲಿಗೆ ಹೊಳೆಯಿತು...

ಅಷ್ಟರಲ್ಲಿ ಮೇಲೆ ಸೀಟಿ ಊದಿಯಾಗಿತ್ತು.

ನಾನು ಕೂಗಿದೆ. ಕೆಳಗೆ ಇಡೀ ಬೀದಿಯೇ ಅವನಿಗಾಗಿ ಕೂಗುತ್ತಿತ್ತು, ನನ್ನ ಕೂಗು ಅದರಲ್ಲಿ ಸೇರಿಹೋಯಿತು. ಕೈ ಬೀಸಿದೆ. ಯಾರೋ ಕೆಳಗಿನಿಂದ ನಗುತ್ತಾ ನನಗೆ ಕೈ ಬೀಸಿದರು. ಬಂಡೆ ಇಳಿದು ಓಡೋಣವೆಂದರೆ ಅವನು ಆಗಲೇ ನನ್ನನ್ನು ದಾಟಿದ್ದ. ಎಂಥ ಇಳಿತ ಅದು! ಬಂಡೆಯಿಂದ ಬಂಡೆಗೆ, ಒಂದು ಕಲ್ಲೂ ಅಲುಗದ ಹಾಗೆ... ಅವನಿಗೆ ವಯಸ್ಸೇ ಆಗಿರಲಿಲ್ಲ. ನಾನು ಕಣ್ಣಾರೆ ನೋಡಿದೆ, ಅದಕ್ಕೇ ಹೇಳುತ್ತಿದ್ದೇನೆ. ಬೀದಿಗೆ ಬಂದ. ಅಕ್ಕ ಜಗಲಿಯ ಮೇಲೆ ಕೈಜೋಡಿಸಿ ನಿಂತಿದ್ದಳು. ಹೇಳಿದಂತೆಯೇ ಅವನು ಬ್ರೇಕು ಹಿಡಿಯಲಿಲ್ಲ.

ನಾನು ಓಡಿ ಹೋಗುವ ಹೊತ್ತಿಗೆ ಅವನ ತಲೆ ಅಕ್ಕನ ತೊಡೆಯ ಮೇಲಿತ್ತು. ಸೊಂಟ ಅದೇ ಹಳೆಯ ಜಾಗದಲ್ಲಿ ಮುರಿದಿತ್ತು. ಕೆನ್ನೆಗೆ ಸೆಗಣಿ, ಅಂಗಿಗೆಲ್ಲ ರಂಗೋಲಿ ಪುಡಿ. ಅವನು ಒಂದು ಸಲ ನೆಲ ನೋಡಿದ, ಬಕೆಟ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ. ಅಕ್ಕ ಏನಾಯ್ತೋ, ಏನಾಯ್ತೋ ಎಂದು ಬಡಬಡಿಸುತ್ತಿದ್ದಳು.

"ಕಾಲಲ್ಲಿ ಶಕ್ತಿ ಇಲ್ಲ ಅಕ್ಕ. ವಯಸ್ಸಾಯ್ತು ನಂಗೆ," ಎಂದ.

ಆಸ್ಪತ್ರೆಯಲ್ಲಿ ಅಕ್ಕ ಔಷಧಿ ತರಲು ಹೋದಾಗ ನನ್ನ ಕೈ ಹಿಡಿದು, "ಹೇಳ್ಬೇಡ ಕಣೇ," ಎಂದ. ಕ್ಲಬ್ಬಿನ ಹುಡುಗರಿಗೂ ಅದನ್ನೇ ಹೇಳಿದ. ಅವರು ಅಕ್ಕನ ಅಳು ನೋಡಿದ್ದರು, ಬಾಯಿ ಬಿಡಲಿಲ್ಲ. ಊರಿನವರಿಗೆ ಸೆಗಣಿ ನೆಲ ದಿನದ್ದು, ಅದರ ಮೇಲೆ ಯಾರ ಅನುಮಾನವೂ ಹೋಗಲಿಲ್ಲ, ಬಾಯಿಗೆ ಬಂದದ್ದು ಆಡಿಕೊಂಡರು. ನೆರೆತ ಮೇಲೆ ಎಳೆಯರ ಆಟ ಆಡಲು ಹೋದರೆ ಇನ್ನೇನಾಗುತ್ತದೆ ಎಂದು ಟೀ ಅಂಗಡಿಯಲ್ಲಿ ನಕ್ಕರು. ಕುಂಟುತ್ತಾ ಅದೇ ಅಂಗಡಿಗೆ ಹೋಗಿ ಅವನೂ ಅವರ ಜೊತೆ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಅವರ ಮುಂದೆ ನಿಂತು ಅವನು ಹೇಗೆ ಇಳಿದ ಎಂದು ಒಂದು ಸಲವಾದರೂ ಹೇಳಬೇಕು ಅನ್ನಿಸುತ್ತಿತ್ತು. ಹೇಳುವಂತಿರಲಿಲ್ಲ.

ಹೋದ ವರ್ಷ ಅಣ್ಣ ತೀರಿಕೊಂಡ. ಎದೆನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲ. ಸಾವಿಗೆ ಹೋದಾಗ ಅಕ್ಕ ನನ್ನನ್ನು ಹುಳುಮನೆಗೆ ಕರೆದುಕೊಂಡು ಹೋದಳು. ಸೈಕಲ್ಲು ಮತ್ತೆ ತೊಲೆಯಲ್ಲಿ ತೂಗುತ್ತಿತ್ತು.

"ಆಗ ನಾನು ವದ್ದು ಅಂದೆನಲ್ಲ, ತಪ್ಪು ಅಲ್ಲೇ ಆಯ್ತು. ಮುಂಚೇನೇ ಹೂಂ ಅಂದಿದ್ರೆ ವಯಸ್ಸಿರೋವಾಗ್ಲೇ ಈ ಬೆಟ್ಟ ಗೆದ್ದಿರೋನು. ನಾನೇ ಅವನ ಕಾಲು ಕಟ್ಟಿ ಮುದುಕನ್ನ ಮಾಡ್ಬಿಟ್ಟೆ ಕಣೇ," ಎಂದಳು.

ಇಲ್ಲ ಅಕ್ಕ, ಅವನ ಕಾಲಲ್ಲಿ ಶಕ್ತಿ ಇತ್ತು ಅನ್ನಬೇಕಿತ್ತು. ಅಂದರೆ ಮತ್ತೆ ಬಿದ್ದದ್ದು ಯಾಕೆ ಎಂದು ಕೇಳುತ್ತಿದ್ದಳು. ಅವಳನ್ನು ಒಂದು ಸಂಕಟದಿಂದ ಉಳಿಸಲು ಹೋಗಿ ಅಣ್ಣ ಇನ್ನೊಂದನ್ನು ಕೊಟ್ಟು ಹೋಗಿದ್ದ. ಅದನ್ನು ತೆಗೆಯಲು ಹೋದರೆ ಮೊದಲಿನದನ್ನೇ ಅವಳ ಕೈಗೆ ಇಡಬೇಕು. ನಾನು ಅವಳ ಬೆನ್ನು ಸವರಿದೆ. ಬೇರೇನೂ ನನ್ನ ಕೈಲಿರಲಿಲ್ಲ, ಇವತ್ತಿಗೂ ಇಲ್ಲ.

ಮೊನ್ನೆ ಮೂಲೆಮನೆಯಾಕೆ ರಂಗೋಲಿ ಮುಗಿಸಿ ಹೇಗಿದೆ ಎಂದು ನನ್ನನ್ನು ಕೇಳಿದಳು. ಚೆನ್ನಾಗಿದೆ ಅಂದೆ. ನೆಲ ಒಣಗುವ ತನಕ ಯಾಕೋ ಅಲ್ಲೇ ನಿಂತಿದ್ದೆ. ಹಾಲಿಗೆ ತಡವಾಯಿತು.