ನ್ಯೂಟ್ರಿನೊ ಬಂದ ಮಾರ್ನಮಿ

ಅವತ್ತು ತಮ್ಮನ ಫೋನು ಬಡಿದುಕೊಂಡಾಗ ನಾನು ಅವನನ್ನು ಕರೆಯಲಿಲ್ಲ. ಕೇಳಿಸಲಿಲ್ಲ ಅಂತಲ್ಲ. ಚೆನ್ನಾಗಿಯೇ ಕೇಳಿಸಿತು.

ನಾನು ಓದಿದ್ದು ಏಳನೇ ಕ್ಲಾಸು. ನನ್ನ ಪಾಲಿನದನ್ನೂ ಸೇರಿಸಿ ಓದಿದ ತಮ್ಮ, ದೂರದ ಊರಿನ ಸಂಸ್ಥೆಯೊಂದರಲ್ಲಿ ಆಕಾಶ ನೋಡುವ ಕೆಲಸಕ್ಕೆ ಸೇರಿದ್ದ. ಹಂಪಾಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಯಾರಾದರೂ ವಿಚಾರಿಸಿದರೆ ‘ನಕ್ಷತ್ರ ನೋಡ್ತಾನೆ’ ಎನ್ನುತ್ತಿದ್ದೆ. ಪಕ್ಕದ ಮನೆಯಾಕೆ ಗ್ರಹಗತಿ ಕೇಳಲು ಮಗಳ ಜಾತಕ ತಂದು ಅವನ ಮುಂದೆ ಹಿಡಿದಳು.

“ಅಕ್ಕ, ನನ್ನ ಮಾನ ಕಳೀಬೇಡ” ಎಂದು ಅವನು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದ. ನ್ಯೂಟ್ರಿನೊ ಅಂತ ಒಂದು ಕಣವಂತೆ. ಬೆಟ್ಟ, ಭೂಮಿ ಎಲ್ಲವನ್ನೂ ತೂರಿಕೊಂಡು ಹೋಗುತ್ತದಂತೆ. ಎಲ್ಲೋ ಹಿಮದಾಳಕ್ಕೆ ಇಳಿಬಿಟ್ಟ ಉಪಕರಣಕ್ಕೆ ಅಪರೂಪಕ್ಕೊಂದು ಭಾರೀ ಶಕ್ತಿಯದು ಸಿಕ್ಕರೆ, ಅದು ಬಂದ ದಿಕ್ಕು ಸುಮಾರಾಗಿ ತಿಳಿಯುತ್ತದೆ. ಕೂಡಲೇ ಆಕಾಶದಲ್ಲಿ ಸುತ್ತುವ ದುರ್ಬೀನನ್ನು ಆ ಕಡೆ ತಿರುಗಿಸಿ, ಅಲ್ಲಿ ಏನು ಹೊತ್ತಿ ಉರಿಯುತ್ತಿದೆ ಎಂದು ನೋಡಬೇಕು.

“ಅಂದ್ರೆ ಆನೆ ಕೂಗಿದ ಕಡೆ ಬ್ಯಾಟ್ರಿ ಬೆಳಕು ಬುಡೋ ಕೆಲ್ಸ ಅನ್ನು.”

“ಅದೇ ಕಣಕ್ಕ! ತಡ ಮಾಡಿದ್ರೆ ಆನೆ ಕಾಡು ಸೇರ್ಕೊಂಡಿರುತ್ತೆ.”

ಆ ವರ್ಷ, ತೀರಿಹೋದ ಹಿರಿಯರಿಗೆ ಎಡೆಯಿಡುವ ಮಾರ್ನಮಿ ಹಬ್ಬಕ್ಕೆ ಬಂದವನು ಫೋನನ್ನು ಅಡುಗೆಮನೆ ಕಿಟಕಿಯಲ್ಲಿಟ್ಟ. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. “ಈ ವಾರ ನನ್ನ ಸರದಿ. ಮೊದಲ್ನೇ ಸಲ ನನ್ನೊಬ್ಬನನ್ನೇ ನಂಬವ್ರೆ. ರಿಂಗಾದ್ರೆ ಎಲ್ಲಿದ್ರೂ ಕೂಗು, ಕೋಟೆ ಪ್ಯಾಟೆಗೋಗಿ ಕಂಪ್ಯೂಟ್ರಲ್ಲಿ ದುರ್ಬೀನು ತಿರುಗ್ಸಿ ಅಂತ ಬರೀಬೇಕು.”

ಫೋನು ಬಡಿದುಕೊಂಡಾಗ ಎಡೆ ಹಾಕುತ್ತಿದ್ದೆ. ತಮ್ಮ ಹೊಸ ಪಂಚೆ ಉಟ್ಟು, ಅಪ್ಪನಿಗೆ ಧೂಪ ಹಾಕಲು ಕೆಂಡ ಊದುತ್ತಿದ್ದ. ಓದು ಓದು ಅಂತ ಎಷ್ಟೋ ಹಬ್ಬ ತಪ್ಪಿಸಿದ್ದ ಮಗ. ಕೂಗಿದರೆ ಹಾಗೇ ಓಡುತ್ತಾನೆ. ಕೋಟ್ಯಂತರ ವರ್ಷ ದಾರಿ ಸವೆಸಿ ಬಂದದ್ದು ಅಪ್ಪನ ಊಟ ಮುಗಿಯುವಷ್ಟು ಹೊತ್ತು ಕಾಯಲಾರದೇ? ಊಟ ಒಂದು ಚೂರು ತಡವಾದರೂ ತಟ್ಟೆ ಬಡಿಯುತ್ತಿದ್ದವನು ಅಪ್ಪ. ಆಕಾಶಕ್ಕೆ ಅವನಿಗಿಂತ ತಾಳ್ಮೆ ಇರಬೇಕೆಂದುಕೊಂಡು, ಫೋನಿನ ಮೇಲೆ ಮಸಿಬಟ್ಟೆಗಳನ್ನೆಲ್ಲ ಹೇರಿದೆ.

ಊಟವಾದ ಮೇಲೆ, ನಾನು ಬಟ್ಟೆ ತೆಗೆದಿಟ್ಟಿದ್ದ ಫೋನನ್ನು ಅವನು ನೋಡಿದ. ಮುಖ ಇಳಿದುಹೋಯಿತು.

“ಅಕ್ಕ, ಕೇಳುಸ್ಲಿಲ್ವಾ?”

“ಒಗ್ಗರಣೆ ಸದ್ದಲ್ಲಿ ಎಲ್ಲಿ ಕೇಳುಸ್ತದಪ್ಪ?”

ಬೈಕ್ ಹತ್ತಿ ಹೋದವನು ಹೊತ್ತು ಮುಳುಗಿದ ಮೇಲೆ ಬಂದ. “ಇವತ್ತು ಬರ್ದು ಕಳ್ಸೋ ಹೊತ್ತು ಮೀರೋಗಿತ್ತು. ಇನ್ನು ದುರ್ಬೀನು ಆ ಕಡೆ ತಿರುಗೋದು ನಾಳೆನೇ. ಅಷ್ಟೊತ್ತಿಗೆ ಬೆಳಕು ಆರಿರುತ್ತೆ. ಅಲ್ಲೇನಿತ್ತು ಅಂತ ಯಾರಿಗೂ ತಿಳಿಯಲ್ಲ ಬುಡು.” ಆಮೇಲೆ ಕಿಟಕಿಯ ಬಳಿ ನಿಂತು ಮೇಲಿನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ನನಗೆ ಅರ್ಥವಾದದ್ದು ‘ಸಾರಿ ಸರ್’ ಒಂದೇ. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ.

ಆ ಸರದಿಯನ್ನು ಬೇರೆಯವರಿಗೆ ಕೊಟ್ಟರಂತೆ. ನನ್ನ ಮೇಲೆ ಅವನು ಒಂದಿಷ್ಟೂ ಸಿಡುಕಲಿಲ್ಲ. ಅದರ ಬದಲು, ಅಲ್ಲಿಂದಾಚೆಗೆ ಫೋನು ಮಾಡಿದಾಗಲೆಲ್ಲ ಕೂಗಿ ಕೂಗಿ ಮಾತಾಡತೊಡಗಿದ. ಬೀದಿಗೆಲ್ಲ ಕೇಳಿಸುವಂತೆ “ಊಟ ಆಯ್ತೇನಕ್ಕಾ?” ಎನ್ನುವನು. ಪ್ರೀತಿ ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

ಮುಂದಿನ ಮಾರ್ನಮಿಗೆ ಬಂದಾಗ, ಹಿರಿಯರು ಉಣ್ಣಲೆಂದು ಎಡೆಯ ಮುಂದಿನ ಬಾಗಿಲು ಮುಚ್ಚಿ ಎಲ್ಲರೂ ಜಗುಲಿಯಲ್ಲಿ ಕೂತಿದ್ದೆವು. ಅವನು ನನ್ನ ಕಿವಿಯ ಹತ್ತಿರ ಬಾಯಿ ತಂದು, “ಅಕ್ಕಾ! ನಾಳೆ ಮೈಸೂರಿಗೋಗೋಣ! ಕಿವಿ ಡಾಕ್ಟ್ರತ್ರ ಟೈಮ್ ತಗೊಂಡಿದ್ದೀನಿ! ಮಿಷನ್ ಹಾಕ್ದ್ರೆ ಸರಿ ಹೋಗುತ್ತೆ!” ಎಂದು ಕೂಗಿದ.

ನಗಬೇಕೆಂದುಕೊಂಡೆ, ಅಳು ಬಂತು.

“ಮೆಲ್ಲಗೆ ಮಾತಾಡಪ್ಪ, ನನ್ ಕಿವಿ ನೆಟ್ಟಗವೆ. ಅವತ್ತು ಫೋನು ಕೇಳುಸ್ತು ಕಣೋ. ಅಪ್ಪಂಗೆ ನೀನೇ ಧೂಪ ಹಾಕ್ಬೇಕು ಅಂತ ಬಟ್ಟೆ ಮುಚ್ಬುಟ್ಟೆ. ಆಮೇಲೆ ನಿನ್ ಮುಖ ನೋಡ್ಕಂಡು ಸುಳ್ಳೂ ಹೇಳ್ದೆ. ನೀನು ಮಾಡ್ದೆ ಇರೋ ತಪ್ಪಿಗೆ ಅವ್ರತ್ರ ಬೇಡ್ಕೊಳ್ಳೋ ಅಂಗೆ ಮಾಡ್ದೆ. ತಪ್ಪು ನಂದು ಕಣಪ್ಪ. ನನ್ನ ಕ್ಷಮ್ಸುಬುಡು.”