ಹದಿನೇಳನೆಯ ನಂಬರಿನ ಬಿಲ್ಲೆ

ಸುರೇಖಾ, ರೆಕ್ಕೆಯೊಳಗೆ ಡ್ರಿಲ್ ಬಿಟ್ ಮುರಿದವಳು ನಾನು. ನಿನ್ನ ಬಿಲ್ಲೆಯನ್ನು ಹಲಗೆಯ ಮೇಲೆ ಬಿಟ್ಟು ಬಂದವಳೂ ನಾನೇ — ಮರೆತಲ್ಲ, ತಿಳಿದು. ಒಂಬತ್ತು ವರ್ಷ ಈ ಮಾತು ನುಂಗಿಕೊಂಡು ಹೊಟ್ಟೆ ತುಂಬ ಉಂಡಿದ್ದೇನೆ.

ನಿಪ್ಪಾಣಿ ಹೆದ್ದಾರಿಯ ಮಗ್ಗುಲಿನ ಆ ಶೆಡ್ಡಿನಲ್ಲಿ ನಾವು ಜೋಡಿಸುತ್ತಿದ್ದುದು ಯುದ್ಧವಿಮಾನದ ರೆಕ್ಕೆಗಳನ್ನು. ನಮ್ಮ ದೇಶವೂ ಇನ್ನೊಂದು ದೇಶವೂ ಕೂಡಿ ಮಾಡುತ್ತಿದ್ದ ಹಗುರ ವಿಮಾನ. ಗಡಿ ಕಾಯಲಿಕ್ಕೂ ಅದೇ, ಬಾಂಬು ಹಾಕಲಿಕ್ಕೂ ಅದೇ, ಹಲವು ಕೆಲಸಕ್ಕೆ ಒಂದೇ ವಿಮಾನ ಎಂದು ಮೊದಲ ದಿನ ತಿಳಿಸಿ ಹೇಳಿದ್ದರು. "ಅಂದ್ರ ನಮ್ಮಂಗ ಅಕ್ಕಾ, ಹೊಲಾನೂ ನಾವ, ಒಲೀನೂ ನಾವ" ಎಂದು ನೀನು ಕಿವಿಯಲ್ಲಿ ಹೇಳಿ ನಗಿಸಿದ್ದೆ.

ನೀನು ಕರೋಶಿಯವಳು. ಅವ್ವ ಬೀಡಿ ಕಟ್ಟಿ ನಿನ್ನನ್ನು ಐಟಿಐ ಓದಿಸಿದ್ದಳು. ನಿಮ್ಮ ಮನೆಯಲ್ಲಿ ತಂಬಾಕಿನ ವಾಸನೆ ಇಲ್ಲದ ಕೈ ನಿನ್ನದೊಂದೇ. ನಾನು ಜುಗೂಳದ ಹೊಲಮನೆಯವಳು, ನಿನಗಿಂತ ಆರು ವರ್ಷ ದೊಡ್ಡವಳು. ನಿನ್ನ ಡಬ್ಬಿಯ ಜುಣಕ ದಿನಾ ತಿನ್ನುತ್ತಿದ್ದೆ — ಮನೆಯಲ್ಲಿ ಮಾತ್ರ ಹೇಳುತ್ತಿರಲಿಲ್ಲ. ನಿಮ್ಮ ಗೋಡೆಯ ಮೇಲೆ ಬುದ್ಧನ ಪಟ ಇದೆಯೆಂದು ನಮ್ಮ ಅತ್ತೆಗೆ ಗೊತ್ತಾದರೆ... ಅಷ್ಟೇ ನನ್ನ ಧೈರ್ಯ. ಆಗಲೇ ನೀನು ತಿಳಿದುಕೊಳ್ಳಬೇಕಿತ್ತು.

ಅಲ್ಲಿನ ಕಟ್ಟಳೆ ನಿನಗೆ ಗೊತ್ತೇ ಇದೆ. ಉಪಕರಣಗಳ ಹಲಗೆಯ ಮೇಲೆ ಪ್ರತಿ ಸಾಮಾನಿಗೂ ಅದರದೇ ಜಾಗ. ತೆಗೆದವರು ಅಲ್ಲಿ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು. ಏನಾದರೂ ಮುರಿದರೆ ಎಲ್ಲ ಚೂರುಗಳನ್ನೂ ಬಿಳಿ ಹಾಳೆಯ ಮೇಲೆ ಜೋಡಿಸಿ ತೋರಿಸಬೇಕು. ಬಿಲ್ಲೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಆ ದಿನ ನನ್ನವು ಮನೆಯಲ್ಲೇ ಉಳಿದಿದ್ದವು. ಕೇಳುವ ಮೊದಲೇ ನೀನು ಒಂದನ್ನು ನನ್ನ ಅಂಗೈಗೆ ಹಾಕಿದೆ. ಹದಿನೇಳನೆಯ ನಂಬರು. ಅದನ್ನು ತೂಗುಹಾಕಿ ನಾನು ಡ್ರಿಲ್ ಬಿಟ್ ತೆಗೆದುಕೊಂಡೆ.

ಸಂಜೆಯ ಹೊತ್ತಿಗೆ, ರೆಕ್ಕೆಗೆ ತೂತು ಕೊರೆಯುವಾಗ ಬಿಟ್ ಮುರಿಯಿತು. ತುದಿ ಎಲ್ಲಿ ಬಿತ್ತೋ ಕಾಣಲಿಲ್ಲ. ಉಳಿದ ಅರ್ಧವನ್ನು ಮುರಿದ ಬದಿ ಕೆಳಗೆ ಮಾಡಿ ಹಲಗೆಯಲ್ಲಿ ಸಿಕ್ಕಿಸಿದೆ. ನಿನ್ನ ಬಿಲ್ಲೆ ತೆಗೆಯಲು ಕೈ ಎತ್ತಿದವಳು — ಇಳಿಸಿದೆ. ಅದು ಅಲ್ಲಿದ್ದರೆ ಯಾರೂ ನನ್ನನ್ನು ಕೇಳುವುದಿಲ್ಲ ಎಂದು ತಲೆ ಎಷ್ಟು ಬೇಗ ಲೆಕ್ಕ ಹಾಕಿತು!

ಪಾಳಿ ಮುಗಿದು ಹಲಗೆ ನೋಡುವಾಗ ಮುರಿದ ಬಿಟ್ ಕಂಡು ಸೂಪರ್‌ವೈಸರ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ಈ ಬಿಲ್ಲೆ ಯಾರದು?"

"ನಂದ್ರಿ ಸಾಹೇಬ್ರ. ಆದ್ರ ಡ್ರಿಲ್ ನಾ ತಗೊಂಡಿಲ್ರಿ." ನೀನು ನನ್ನ ಕಡೆ ತಿರುಗಿದೆ. "ಅಕ್ಕಾ, ನೀನ ಹೇಳ."

ನಾನು ಹೇಳಿದೆ: "ನಾ ಏನೂ ನೋಡಿಲ್ರಿ ಸಾಹೇಬ್ರ."

ಅವರು ನನ್ನ ಮಾತು ನಂಬಿದರು. "ಇಂಥವ್ರನ್ನ ತಗೊಂಡ್ರ ಹಿಂಗ ಆಗೂದು" ಎಂದರು. 'ಇಂಥವರು' ಅಂದರೆ ಎಂಥವರು ಎಂದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಅದನ್ನು ನಂಬಿಕೊಂಡೇ ನಾನು ಸುಳ್ಳು ಹೇಳಿದ್ದೆ.

ಇನ್ನೊಂದು ಉಳಿದಿದೆ — ಇದನ್ನು ಬರೆಯಲು ಕೈ ಬರುತ್ತಿಲ್ಲ. ಅದೇ ಸಂಜೆ ಕೋಟು ಬಿಚ್ಚುವಾಗ ತೋಳಿನ ಮಡಿಕೆಯಿಂದ ಆ ತುದಿ ಉದುರಿತು. ಅಕ್ಕಿ ಕಾಳಿನಷ್ಟು ಉಕ್ಕು. ಆಗಲೂ ತಡವಾಗಿರಲಿಲ್ಲ, ನೀನಿನ್ನೂ ಗೇಟಿನ ಹತ್ತಿರ ಅಳುತ್ತಾ ನಿಂತಿದ್ದೆ. ನಾನು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ನಿನ್ನ ಪಕ್ಕದಲ್ಲೇ ಹಾದು ಬಸ್ಸು ಹತ್ತಿದೆ.

ವಿಮಾನದಲ್ಲಿ ಪಾಲಿದ್ದ ಆ ಇನ್ನೊಂದು ದೇಶದ ಎಂಜಿನಿಯರರು ಬಂದು ಟಾರ್ಚು, ಕನ್ನಡಿ ಹಿಡಿದು ದಿನಗಟ್ಟಲೆ ಹುಡುಕಿದರು. ಒಳಗೆ ಚೂರು ಉಳಿದಿರಬಹುದಾದ ರೆಕ್ಕೆಯನ್ನು ಆಕಾಶಕ್ಕೆ ಕಳಿಸುವುದು ಹೇಗೆ? ಅದನ್ನು ಗುಜರಿಗೆ ಹಾಕಿದರು. ನಿನ್ನನ್ನು ಮನೆಗೆ ಕಳಿಸಿದರು. ಮುಂದೆ ಹಲಗೆಯ ಉಸ್ತುವಾರಿಯನ್ನು ನನಗೇ ಕೊಟ್ಟರು. ಹೊಸಬರು ಬಂದಾಗಲೆಲ್ಲ ಎಚ್ಚರಿಕೆಯ ಮಾತಾಗಿ ನಿನ್ನ ಕಥೆಯನ್ನೇ ಹೇಳುತ್ತೇನೆ, ಸುರೇಖಾ. ನಾಚಿಕೆಗೆಟ್ಟವಳು ನಾನು. ಒಮ್ಮೆಯೂ ನಾಲಿಗೆ ತಡವರಿಸಿಲ್ಲ.

ಹೋದ ವಾರ ವಿಮಾನ ಮೊದಲ ಸಲ ಹಾರಿತು. ಶೆಡ್ಡಿನಲ್ಲಿ ಪೇಡೆ ಹಂಚಿದರು, ನನಗೆ ಶಾಲು ಹೊದಿಸಿದರು. ಮರುದಿನ ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ, ಕಂಕುಳಲ್ಲಿ ಬೀಡಿ ಎಲೆಯ ಗಂಟು. ನೀನೇ ಸರಿದು ನನಗೆ ಜಾಗ ಕೊಟ್ಟೆ.

"ಇಮಾನ ಹಾರಿತಂತಲ್ರಿ ಬಾಯಾರ. ಟಿವ್ಯಾಗ ನೋಡಿದ್ನಿ. ನಾವು ಮಾಡಿದ್ದ ರೆಕ್ಕಿ ಇತ್ತೇನ್ರಿ ಅದಕ?"

ಅಕ್ಕಾ ಅಲ್ಲ, ಬಾಯಾರ — ಹೊರಗಿನ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು. ನಾನು ನಿನ್ನ ಬೆರಳುಗಳನ್ನು ನೋಡುತ್ತಾ "ಇತ್ತು" ಎಂದೆ.

ಇರಲಿಲ್ಲ, ಸುರೇಖಾ. ನಿನ್ನ ಕೈಯ ರೆಕ್ಕೆ ಹಾರಲೇ ಇಲ್ಲ. ಅದನ್ನು ಹಾರಿಸಬಹುದಾಗಿದ್ದ ಕಾಳಿನಷ್ಟು ಉಕ್ಕು ಇಂದಿಗೂ ನನ್ನ ಕುಂಕುಮದ ಡಬ್ಬಿಯಲ್ಲಿದೆ.

ನಾಳೆ ಬೆಳಿಗ್ಗೆ, ಎಲ್ಲರೂ ಸೇರಿದ ಮೇಲೆ, ಬಿಳಿ ಹಾಳೆಯ ಮೇಲೆ ಅದನ್ನು ಇಡುತ್ತೇನೆ. ಪಕ್ಕದಲ್ಲಿ ನನ್ನ ಬಿಲ್ಲೆ. ಆಮೇಲೆ ಕರೋಶಿಗೆ ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೇ ನಿಲ್ಲುತ್ತೇನೆ. ಆದರೆ ಅದಕ್ಕೂ ಮೊದಲು, ಆ ಹಾಳೆಯ ಮುಂದೆ, ಯಾರದಿದು ಎಂದು ಸಾಹೇಬರು ಕೇಳುತ್ತಾರೆ. ಅಂದು ನೀನೊಬ್ಬಳೇ ಹೇಳಿದ ಮಾತನ್ನು ನಾನು ಹೇಳಬೇಕು: "ನಂದ್ರಿ."