ಮುನಿರತ್ನಮ್ಮನ ಮನೆಗೆ ಹೋಗಿದ್ದ ನೀಲಿ ವೈರು

ಮಾಲೂರಿನಿಂದ ಕೋಲಾರಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆ ದಿನ ನೆಟ್ಟಗೆ ನಡೆದದ್ದು ಅದೊಂದೇ.

ಎರಡು ಸಾವಿರದ ಎಂಟೋ ಒಂಬತ್ತೋ, ಮಾವಿನ ಕಾಲ. ಕಂಪನಿಗಳಿಗೆ ಲೀಸ್ಡ್ ಲೈನ್, ಅಂದರೆ ಅವರೊಬ್ಬರಿಗೇ ಮೀಸಲಾದ ಇಂಟರ್ನೆಟ್ ಲೈನ್ ಹಾಕಿ ನೋಡಿಕೊಳ್ಳುವ ಕೆಲಸ ನನ್ನದು. ರಾಯಲ್ಪಾಡು ಹತ್ತಿರದ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಲೈನು ತೆವಳುತ್ತಿತ್ತು. ಲ್ಯಾಬ್ ರಿಪೋರ್ಟುಗಳು ಸಂಜೆಯೊಳಗೆ ವಿದೇಶಕ್ಕೆ ಹೋಗದಿದ್ದರೆ ಪಲ್ಪಿನ ಲಾರಿ ಹೊರಡುವಂತಿರಲಿಲ್ಲ. ಬೆಂಗಳೂರಿನಲ್ಲಿದ್ದ ಮಾಲೀಕರು ಫೋನಿನಲ್ಲಿ, "ತಪ್ಪು ಯಾರದ್ದು ಹೇಳಿ ಸಾಕು, ಇವತ್ತೇ ಮನೆಗೆ ಕಳಿಸ್ತೀನಿ" ಎಂದಿದ್ದರು.

ಕೋಲಾರದಲ್ಲಿ ಇಡ್ಲಿ ತಿಂದು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಹದಿನಾರು ರೂಪಾಯಿ ಟಿಕೆಟ್ಟು. ಊರು ಬರುವ ಮೊದಲೇ ಮಂಡಿಗಳ ಮುಂದೆ ಮಾವಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. "ಇಳಿದು ಒಂದ್ ಹಣ್ಣು ತಿಂದ್ಕೊಂಡ್ ಬನ್ನಿ ಸಾರ್, ಇದೇನ್ ಈಗ್ಲೇ ಅಲ್ಲಾಡಲ್ಲ" ಎಂದ ಕಂಡಕ್ಟರ್. ಅಲ್ಲಿಂದ ರಾಯಲ್ಪಾಡಿಗೆ ಇನ್ನೊಂದು ಬಸ್ಸು, ಅದರಲ್ಲಿ ನಿಂತೇ ಹೋದೆ. ಬಿಸಿಲಿಗೆ ಕಂಬಿ ಮುಟ್ಟಲಾಗುತ್ತಿರಲಿಲ್ಲ.

ಫ್ಯಾಕ್ಟರಿಯ ಅಕೌಂಟೆಂಟ್ ವೆಂಕಟರವಣಪ್ಪ ಗೇಟಿನಲ್ಲೇ ಕಾಯುತ್ತಿದ್ದರು. "ಎಕ್ಸ್‌ಚೇಂಜಲ್ಲೇ ಏನೋ ತೊಂದ್ರೆ ಇರ್ಬೇಕು ಸಾರ್" ಎಂದರು. ಆಫೀಸಿನ ವೈರು ಬಿಡಿಸಿ, ನಮ್ಮ ಲೈನಿಗೆ ಲ್ಯಾಪ್‌ಟಾಪನ್ನು ನೇರವಾಗಿ ಜೋಡಿಸಿದೆ. ಪೂರ್ತಿ ವೇಗ. ಆಫೀಸಿನ ವೈರು ಮತ್ತೆ ಹಾಕಿದೆ. ತೆವಳಾಟ.

"ಲೈನ್ ಚೆನ್ನಾಗಿದೆ. ನಿಮ್ಮಲ್ಲೇ ಯಾರೋ ಕದ್ದು ಎಳೀತಿದಾರೆ."

"ಮೊದಲು ಊಟ ಮಾಡೋಣ ಬನ್ನಿ" ಎಂದರು ಅವರು.

ಸುತ್ತಮುತ್ತ ಹೋಟೆಲಿಲ್ಲ. ಹಿಂದಿನ ಗೇಟು ದಾಟಿದರೆ ಮುನಿರತ್ನಮ್ಮ ಎಂಬುವರ ಮನೆ. ಹಿತ್ತಿಲ ಬಾಗಿಲಿಂದ ಅಡುಗೆಮನೆಗೇ ಹೋಗಿ ಕೂತೆವು. ರಾಗಿಮುದ್ದೆ, ಹುರುಳಿಕಾಳಿನ ಸಾರು, ತಣ್ಣಗಿನ ಬೋರ್‌ವೆಲ್ ನೀರು. ಮುಂದಿನ ಕೋಣೆಯಿಂದ ತೆಲುಗು ಹಾಡುಗಳು ಕೇಳುತ್ತಿದ್ದವು. ಒಂದೊಂದೂ ಎರಡು ಸಾಲು ಹಾಡಿ ನಿಲ್ಲುತ್ತಿತ್ತು. ನಾನು ಅದಕ್ಕೆ ಕಿವಿಗೊಡದೆ ಭಾಷಣ ಶುರುಮಾಡಿದೆ. "ಕಂಡೋರ ಲೈನಲ್ಲಿ ಮಜಾ ಮಾಡ್ತಾರೆ, ನಾಚಿಕೆಗೆಟ್ಟೋರು!"

"ಎವರಪ್ಪಾ ಆ ದೊಂಗ?" ಆ ಕಳ್ಳ ಯಾರೆಂದು ಮುನಿರತ್ನಮ್ಮ ನನಗಿಂತ ಜೋರಾಗಿ ಕೇಳಿದರು. "ಅವನ ಕೈ ಸೇದೋಗ! ತಗೋಪ್ಪಾ, ಇನ್ನೊಂದ್ ಮುದ್ದೆ." ವೆಂಕಟರವಣಪ್ಪನವರಿಗೆ ಕೆಮ್ಮು ಹತ್ತಿತು.

ಹಿತ್ತಿಲಲ್ಲಿ ಕೈ ತೊಳೆಯುವಾಗ ಕಂಡಿತು. ಗೋಡೆ ಮೇಲಿಂದ ನೀರಿನ ಪೈಪು ಫ್ಯಾಕ್ಟರಿಗೆ ಹೋಗುತ್ತಿತ್ತು. ಅದಕ್ಕೇ ಸುತ್ತಿದ್ದ ನೀಲಿ ವೈರು ಮನೆಯೊಳಗೆ ಬರುತ್ತಿತ್ತು. ಮುಂದಿನ ಕೋಣೆಗೆ ಹೋಗಿ ಇಣುಕಿದೆ. ಅವರ ಮಗಳು ಲತಾ ಕಂಪ್ಯೂಟರ್ ಮುಂದೆ ಕೂತು ಜನರ ಮೊಬೈಲಿಗೆ ಹಾಡು, ಸಿನಿಮಾ ಇಳಿಸಿ ತುಂಬಿಕೊಡುತ್ತಿದ್ದಳು. ಹೊರಗೆ ಮೆಮೊರಿ ಕಾರ್ಡ್ ಹಿಡಿದವರ ಸಾಲು.

ಆಫೀಸಿಗೆ ವಾಪಸ್ ಬಂದು ಆ ನೀಲಿ ವೈರು ಕಿತ್ತೆ. ರಿಪೋರ್ಟುಗಳು ಸರಸರ ಹೋದವು. ಅಷ್ಟರಲ್ಲಿ ಮುನಿರತ್ನಮ್ಮ ಹಿಂದಿನ ಗೇಟಿನಿಂದ ಬಂದರು. "ಲತಾದು ಕಂಪ್ಯೂಟರ್ ನಿಂತೋಯ್ತಪ್ಪಾ. ಸಾರ್ ಇಲ್ಲೇ ಇದಾರಲ್ಲ, ಸ್ವಲ್ಪ ನೋಡ್ತಾರಾ?"

ವೆಂಕಟರವಣಪ್ಪ ತಲೆ ತಗ್ಗಿಸಿದರು. "ನಾನೇ ಎಳೆಸಿದ್ದು ಸಾರ್. ಫ್ಯಾಕ್ಟ್ರಿಗೆ ನೀರು ಈ ಅಕ್ಕನ ಬೋರಿಂದೇ. ದುಡ್ಡು ಬ್ಯಾಡ ಅಂದ್ರು. ನೀರು ಕೊಡೋರಿಗೆ ನಾವೂ ಏನಾದ್ರೂ ಕೊಡ್ಬೇಕಲ್ಲ?"

ಮುನಿರತ್ನಮ್ಮ ನನ್ನ ಕಡೆ ತಿರುಗಿದರು. "ಹಂಗಾದ್ರೆ ಊಟಕ್ಕೆ ಕೂತಾಗ ಬೈದಿದ್ದು ನಮ್ಮನ್ನಾ?"

"ಅಲ್ಲಮ್ಮ" ಎಂದೆ. ಅವರು ನಂಬಲಿಲ್ಲ. ನನ್ನ ಬಾಯಲ್ಲಿ ಇನ್ನೂ ಅವರ ಸಾರಿನ ರುಚಿ ಇತ್ತು.

ಮಾಲೀಕರ ಫೋನು ಬಂತು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. "ಒಂದು ಜಾಯಿಂಟ್ ಲೂಸ್ ಆಗಿತ್ತು ಸಾರ್, ಸರಿಮಾಡಿದೀನಿ" ಎಂದೆ. ವೆಂಕಟರವಣಪ್ಪ ಸಮಾಧಾನದ ಉಸಿರು ಬಿಟ್ಟರು. ಆದರೆ ವೈರನ್ನು ಮತ್ತೆ ಜೋಡಿಸುವ ಧೈರ್ಯ ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ಗೋಡೆಯಾಚೆ ಹಾಡು ನಿಂತಿತ್ತು.

ಬಸ್ಸಿಗೆ ಹೊರಟಾಗ ಮುನಿರತ್ನಮ್ಮ ನನ್ನ ಖಾಲಿ ಬಾಟಲಿ ಇಸಿದುಕೊಂಡು ತುಂಬಿಸಿ ತಂದರು. "ನೀರೇನ್ ನಿಲ್ಸಲ್ಲ ಬಿಡಪ್ಪಾ. ಬಿಸ್ಲು ಜಾಸ್ತಿ ಐತೆ, ಕುಡ್ಕೊಂಡ್ ಹೋಗು."

ಶ್ರೀನಿವಾಸಪುರ ಬಂತು, ಕೋಲಾರ ಬಂತು. ಗಂಟಲು ಒಣಗಿತ್ತು. ಬಾಟಲಿ ತೊಡೆಯ ಮೇಲೇ ಇತ್ತು. ಮಾಲೂರಿನಲ್ಲಿ ಇಳಿದಾಗಲೂ ತುಂಬಿಯೇ ಇತ್ತು.